ಹಾಲ್ ಕೇನ್ ಕಥೆಯನ್ನು ಮೂಕಿಯಲ್ಲಿ ನೋಡುವ ಬಗೆ

ಹಾಲ್ ಕೇನ್ ಯಾರೆಂದು ಕೇಳಿದರೆ ಇವತ್ತು ಇಂಗ್ಲೆಂಡಿನವರೇ ತಡವರಿಸಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಾತ್ರ ಆತನ ಕಾದಂಬರಿಗಳು ಲಕ್ಷಗಟ್ಟಲೆ ಖರ್ಚಾಗುತ್ತಿದ್ದವು. ಬ್ರಾಮ್ ಸ್ಟೋಕರ್ ತನ್ನ 'ಡ್ರಾಕುಲಾ'ವನ್ನು ಅರ್ಪಿಸಿದ್ದು ಈ ಗೆಳೆಯನಿಗೇ. ಐರಿಶ್ ಸಮುದ್ರದ ನಡುವಿನ ಐಲ್ ಆಫ್ ಮ್ಯಾನ್ ದ್ವೀಪ ಆತನ ತಂದೆಯ ನಾಡು. ಹೆಸರು ತಂದುಕೊಟ್ಟ ಹಲವು ಕಥೆಗಳ ನೆಲವೂ ಅದೇ. ಪ್ರೀತಿ, ಪಾಪ, ಕೊಟ್ಟ ಮಾತು, ಪಶ್ಚಾತ್ತಾಪ ಎಲ್ಲವೂ ಅಲ್ಲಿ ಏರುದನಿಯಲ್ಲೇ ನಡೆಯುತ್ತವೆ. ಇಂಥ ಕಥೆಯನ್ನು ಸಿನಿಮಾದವರು ಬಿಟ್ಟಾರೆಯೇ? 1911ರಿಂದ 1923ರೊಳಗೆ 'ದಿ ಕ್ರಿಶ್ಚಿಯನ್' ಕಾದಂಬರಿಯೊಂದೇ ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್ ಮೂರೂ ಕಡೆ ಮೂಕಿ ಚಿತ್ರವಾಯಿತು.

ಪುಟಗಟ್ಟಲೆ ಮಾತಾಡುವ ಕಾದಂಬರಿಗಳು ಮಾತೇ ಇಲ್ಲದ ತೆರೆಗೆ ಬಂದಾಗ ಆ ಮಾತೆಲ್ಲ ಎಲ್ಲಿಗೆ ಹೋಯಿತು? ಮೂಕಿ ಚಿತ್ರದ ರುಚಿ ಹತ್ತಬೇಕಾದರೆ ಈ ಪ್ರಶ್ನೆಯನ್ನು ಇಟ್ಟುಕೊಂಡೇ ನೋಡಲು ಕೂರಬೇಕು. ಅದಕ್ಕೆ ಆಲ್ಫ್ರೆಡ್ ಹಿಚ್‌ಕಾಕ್ 1929ರಲ್ಲಿ ತೆರೆಗೆ ತಂದ 'ದಿ ಮ್ಯಾಂಕ್ಸ್‌ಮನ್' ತಕ್ಕ ಚಿತ್ರ. ಮೂಲ ಕಾದಂಬರಿ 1894ರದು.

ಕಥೆ ಮೊದಲೇ ತಿಳಿದರೆ ಸ್ವಾರಸ್ಯ ಕೆಡುತ್ತದೆಂಬ ಭಯ ಬೇಡ. ಅಷ್ಟು ಮಾರಾಟವಾದ ಕಾದಂಬರಿಯ ಕಥೆ ಅಂದಿನ ಎಷ್ಟೋ ಪ್ರೇಕ್ಷಕರಿಗೆ ಗೊತ್ತೇ ಇತ್ತು. ಮೀನುಗಾರ ಪೀಟ್, ವಕೀಲ ಫಿಲಿಪ್ ಕ್ರಿಶ್ಚಿಯನ್ ಬಾಲ್ಯದ ಗೆಳೆಯರು. ಇಬ್ಬರ ಮನಸ್ಸೂ ಹೋಟೆಲಿನವನ ಮಗಳು ಕೇಟ್ ಮೇಲೆ. ಬಡವನೆಂದು ಅವಳ ತಂದೆ ಒಪ್ಪದಿದ್ದಾಗ ಪೀಟ್ ಹಣ ಗಳಿಸಲು ಆಫ್ರಿಕಾಕ್ಕೆ ಹೊರಡುತ್ತಾನೆ; ಕೇಟ್‌ಳನ್ನು ನೋಡಿಕೋ ಎಂದು ಫಿಲಿಪ್‌ಗೇ ಒಪ್ಪಿಸುತ್ತಾನೆ. ಮುಂದೆ ಅವನು ಸತ್ತನೆಂಬ ಸುದ್ದಿ, ಕೇಟ್-ಫಿಲಿಪ್‌ರ ಕೂಡಿಕೆ, ಸತ್ತವನ ಮರಳುವಿಕೆ, ಅವನೊಂದಿಗೆ ಕೇಟ್‌ಳ ಮದುವೆ, ಫಿಲಿಪ್‌ನಿಂದಾದ ಮಗು.

ಈಗ ಕೇಟ್‌ಳ ದಿನಚರಿ ಪುಸ್ತಕ ತೆರೆಯ ಮೇಲೆ ಬಂದಾಗ ಕಣ್ಣಿಟ್ಟು ನೋಡಿ. ಮೊದಲು ಅದರಲ್ಲಿ 'ಮಿಸ್ಟರ್ ಕ್ರಿಶ್ಚಿಯನ್' ಎಂದಿರುತ್ತದೆ. ಪುಟ ತಿರುವಿದಂತೆ ಅದು 'ಫಿಲಿಪ್' ಆಗಿ, ಆಮೇಲೆ 'ಫಿಲ್' ಆಗುತ್ತದೆ. ಕಾದಂಬರಿಕಾರ ಅಧ್ಯಾಯಗಳನ್ನು ತೆಗೆದುಕೊಂಡ ಸಲುಗೆ ಇಲ್ಲಿ ಮೂರು ಹೆಸರುಗಳಲ್ಲಿ ಬೆಳೆದುಬಿಡುತ್ತದೆ. ಅವಳು ಬಸುರಿಯಾದ ಸುದ್ದಿಯನ್ನು ಫಿಲಿಪ್‌ಗೆ ಹೇಳುವಾಗ ಮಾತನ್ನು ಬರೆದು ತೋರಿಸುವ ಟೈಟಲ್ ಕಾರ್ಡೂ ಇಲ್ಲ. ನಟಿ ಆನಿ ಓಂಡ್ರಾಳ ತುಟಿ ಎಷ್ಟು ಬಿಡಿಸಿ ಆಡುತ್ತದೆಂದರೆ ಮಾತನ್ನು ಅಲ್ಲೇ ಓದಿಕೊಳ್ಳಬಹುದು. ಹೊಸಬರು ಬರಹ ಯಾವಾಗ ಬರುತ್ತದೆಂದು ಕಾಯುತ್ತಾ ಮುಖಗಳನ್ನು ಕಳೆದುಕೊಳ್ಳುವುದುಂಟು. ಹಾಗಾಗಬಾರದು.

ಇನ್ನು ಚಿತ್ರದ ಶಿಖರ. ಗಂಡನನ್ನು ಬಿಟ್ಟುಬಂದ ಕೇಟ್, ಮಗುವನ್ನು ಕೇಳಲು ಹೋಗಿ ಬರಿಗೈಲಿ ಮರಳುತ್ತಾಳೆ. ರಾತ್ರಿ ಹಡಗುಕಟ್ಟೆಯಿಂದ ನೀರಿಗೆ ಹಾರುತ್ತಾಳೆ. ತೆರೆಯ ತುಂಬ ಕಪ್ಪು ನೀರು. ನೋಡುತ್ತಿದ್ದಂತೆ ಆ ಕಪ್ಪು ದೌತಿಯೊಳಗಿನ ಮಸಿಯಾಗುತ್ತದೆ, ಅದರಲ್ಲಿ ಒಂದು ಲೇಖನಿ ಅದ್ದುತ್ತದೆ. ಲೇಖನಿ ಹಿಡಿದವನು ಫಿಲಿಪ್. ದ್ವೀಪದ ನ್ಯಾಯಾಧೀಶನಾಗಿ ಅವನಿಗದು ಮೊದಲ ದಿನ. ಆತ್ಮಹತ್ಯೆಗೆ ಯತ್ನಿಸುವುದು ಆಗ ಅಪರಾಧ. ಬದುಕುಳಿದ ಕೇಟ್‌ಳನ್ನು ವಿಚಾರಣೆಗೆ ತಂದು ನಿಲ್ಲಿಸುವುದು ಅವನ ಮುಂದೆಯೇ. ಅವಳು ಮುಳುಗಿದ ನೀರಿಗೂ ಅವನು ತೀರ್ಪು ಬರೆಯುವ ಮಸಿಗೂ ನಂಟಿದೆಯೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದ್ದರೆ ಅದರ ಬಲ ಅರ್ಧಕ್ಕಿಳಿಯುತ್ತಿತ್ತು. ಈ ಒಂದು ಜಾಗವನ್ನು ಎರಡು ಮೂರು ಸಲ ಹಿಂದಕ್ಕೆ ಹಾಕಿ ನೋಡಬೇಕು.

ಹಿಚ್‌ಕಾಕ್ ಸ್ವತಃ ಈ ಚಿತ್ರವನ್ನು ಸಪ್ಪೆ ಎಂದು ತಳ್ಳಿಹಾಕಿದ್ದ. ತನ್ನ ಕೊನೆಯ ಮೂಕಿ ಎಂಬುದಷ್ಟೇ ಅದರ ವಿಶೇಷ ಎಂದಿದ್ದ. ಈ ವಿಷಯದಲ್ಲಿ ನಿರ್ದೇಶಕನ ಮಾತನ್ನು ನಂಬಬೇಕಿಲ್ಲ. ಕಥೆ ಅತಿಭಾವುಕ, ನಿಜ. ಆದರೆ ಆ ಭಾವುಕತೆಯನ್ನು ನೀರು, ಮಸಿ, ಬೆಳಕುಗಳಿಗೆ ದಾಟಿಸಿದ ಕಸುಬು ಪಕ್ಕಾ ಹಿಚ್‌ಕಾಕ್‌ನದೇ.

ಯಾವ ಪ್ರತಿ ನೋಡುತ್ತೇವೆ ಎಂಬುದೂ ಮುಖ್ಯ. ಮೂಕಿ ಕಾಲದಲ್ಲಿ ರೀಲು ಓಡುವ ವೇಗ ಎಲ್ಲ ಕಡೆ ಒಂದೇ ಇರಲಿಲ್ಲ. ನಿಧಾನವಾಗಿ ತೆಗೆದುದನ್ನು ಈಗಿನ ವೇಗದಲ್ಲಿ ಓಡಿಸಿದರೆ ಜನ ಕುಣಿಕುಣಿದು ನಡೆಯುತ್ತಾರೆ, ದುರಂತವೂ ನಗೆಪಾಟಲಾಗುತ್ತದೆ. ಮೂಕಿಯೆಂದರೆ ನಿಶ್ಶಬ್ದವೆಂದೂ ಅಲ್ಲ. ಚಿತ್ರಮಂದಿರದಲ್ಲಿ ಪಿಯಾನೋವೋ ವಾದ್ಯವೃಂದವೋ ಜೊತೆಗಿರುತ್ತಿತ್ತು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹಿಚ್‌ಕಾಕ್‌ನ ಮೂಕಿಗಳನ್ನು ಜೀರ್ಣೋದ್ಧಾರ ಮಾಡಿದಾಗ, 2012ರಲ್ಲಿ 'ಮ್ಯಾಂಕ್ಸ್‌ಮನ್'ಗೆ ಸ್ಟೀಫನ್ ಹಾರ್ನ್ ಹೊಸ ಸಂಗೀತ ಕೊಟ್ಟ. ಸಿಕ್ಕರೆ ಅದನ್ನೇ ನೋಡಬೇಕು. ಮಸುಕು ಪ್ರತಿಯಲ್ಲಿ ನೀರೂ ಮಸಿಯೂ ಒಂದೇ ಕಲೆಯಂತೆ ಕಾಣುತ್ತವೆ.

ಇದು ಹಿಡಿಸಿದವರು ಕೇನ್‌ನ ಇನ್ನೊಂದು ಕಾದಂಬರಿಯಿಂದ ಬಂದ 1927ರ 'ಬಾರ್ಬ್ಡ್ ವೈರ್' ಹುಡುಕಲಿ. ಮೊದಲ ಮಹಾಯುದ್ಧದಲ್ಲಿ ಐಲ್ ಆಫ್ ಮ್ಯಾನ್‌ನ ಬಂಧಿಶಿಬಿರದಲ್ಲಿದ್ದ ಜರ್ಮನ್‌ನೊಬ್ಬನನ್ನು ರೈತನ ಮಗಳು ಪ್ರೀತಿಸುವ ಕಥೆ. ಕೇನ್ ಇಬ್ಬರನ್ನೂ ಸಾವಿಗೆ ಕಳಿಸಿದ್ದ. ಸಿನಿಮಾ ಕಥೆಯನ್ನು ಫ್ರಾನ್ಸಿಗೆ ಒಯ್ದು ಇಬ್ಬರನ್ನೂ ಉಳಿಸಿತು. ನಾಯಕಿ ಪೋಲಾ ನೆಗ್ರಿ. ಕೇನ್ ಕಥೆಯದೇ ಆದ 1923ರ 'ದಿ ಎಟರ್ನಲ್ ಸಿಟಿ'ಯ ಕೊನೆಯ ಭಾಗವಷ್ಟೇ ಉಳಿದಿದೆ, ಅದರಲ್ಲಿ ಮುಸೊಲಿನಿಯೇ ಕಾಣಿಸಿಕೊಳ್ಳುತ್ತಾನೆ.

'ಮ್ಯಾಂಕ್ಸ್‌ಮನ್' ಮುಗಿದ ಮೇಲೆ ಅದೇ ವರ್ಷದ 'ಬ್ಲ್ಯಾಕ್‌ಮೇಲ್' ಹಾಕಿಕೊಳ್ಳಬೇಕು. ಹಿಚ್‌ಕಾಕ್‌ನ ಮೊದಲ ಮಾತಿನ ಚಿತ್ರ, ನಾಯಕಿ ಮತ್ತೆ ಆನಿ ಓಂಡ್ರಾ. ಆದರೆ ಅವಳ ಇಂಗ್ಲಿಷಿನ ಉಚ್ಚಾರಣೆ ಲಂಡನ್ ಹುಡುಗಿಯ ಪಾತ್ರಕ್ಕೆ ಹೊಂದಲಿಲ್ಲ. ಕ್ಯಾಮೆರಾಕ್ಕೆ ಕಾಣದಂತೆ ನಿಂತು ಜೋನ್ ಬ್ಯಾರಿ ಮಾತಾಡಿದಳು, ಓಂಡ್ರಾ ತುಟಿಯಾಡಿಸಿದಳು.