ಪರೀಕ್ಷಿತನಿಗಿದ್ದ ಏಳು ದಿನ

"ರೋಗಿಗೆ ಹೇಳಕೂಡದು, ಹೇಳಿದರೆ ಎದೆಯೊಡೆದುಕೊಳ್ಳುತ್ತಾರೆ" ಎಂಬ ಮಾತನ್ನು ನಮ್ಮ ಕಡೆ ಕೇಳದವರಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಯಾರ ಮನೆಗೆ ಕ್ಯಾನ್ಸರ್ ಬಂದರೂ ಮೊದಲು ಬಾಗಿಲು ಹಾಕುವುದು ಆ ಶಬ್ದಕ್ಕೆ. 'ಗಡ್ಡೆ' ಎನ್ನುತ್ತಾರೆ, 'ಹುಣ್ಣು' ಎನ್ನುತ್ತಾರೆ, ಬಹಳವಾದರೆ 'ಆ ಕಾಯಿಲೆ'. ಕಾರಣ ಕೇಳಿದರೆ, ಮುಚ್ಚಿಡುವುದು ನಮ್ಮ ಸಂಸ್ಕೃತಿ, ಬಿಚ್ಚಿ ಹೇಳುವುದು ಪರದೇಶದವರ ರೂಢಿ ಎಂಬ ಉತ್ತರ ಬರುತ್ತದೆ. ಸಾಹಿತ್ಯದ ಪಾಠ ಹೇಳುವವನಾದ ನನಗೆ ಇದು ಒಪ್ಪಿಗೆಯಾಗದು.

ಪರದೇಶದ ಮಾತನ್ನು ಮೊದಲು ಮುಗಿಸೋಣ. ಅಮೆರಿಕದಲ್ಲಿ 1961ರಲ್ಲಿ ವೈದ್ಯರನ್ನು ಕೇಳಿದಾಗ ಉತ್ತರಿಸಿದವರಲ್ಲಿ ನೂರಕ್ಕೆ 90 ಮಂದಿ ರೋಗಿಗೆ ಹೇಳದಿರುವುದೇ ಲೇಸೆಂದರು. 1979ರಲ್ಲಿ ನೂರಕ್ಕೆ 97 ಮಂದಿ ಹೇಳುವುದೇ ಲೇಸೆಂದರು. ಹದಿನೆಂಟು ವರ್ಷಗಳಲ್ಲಿ ಮಗುಚಿಕೊಂಡದ್ದನ್ನು ಸಂಸ್ಕೃತಿಯೆನ್ನಲಾದೀತೆ?

ಇನ್ನು ನಮ್ಮ ಗ್ರಂಥಗಳು. ಮಹಾಭಾರತದಲ್ಲಿ, ಏಳು ದಿನಗಳೊಳಗೆ ತಕ್ಷಕನಿಂದ ಸಾವೆಂದು ಪರೀಕ್ಷಿತನಿಗೆ ಹೇಳಿಕಳುಹಿಸುವವನು ಶಮೀಕ ಋಷಿ; ಶಾಪ ಕೊಟ್ಟವನ ತಂದೆ. ಹೇಳಿಸಿದ್ದು ಕನಿಕರದಿಂದ. ದೊರೆ ಒಂಟಿಕಂಬದ ಮಾಳಿಗೆ ಕಟ್ಟಿಸಿ, ವೈದ್ಯರನ್ನೂ ಮಂತ್ರಜ್ಞರನ್ನೂ ಸುತ್ತ ಇರಿಸಿಕೊಂಡ; ತಕ್ಷಕ ಹಣ್ಣಿನೊಳಗಿನ ಹುಳುವಾಗಿ ಬಂದ. ಭಾಗವತದ ಪರೀಕ್ಷಿತನಾದರೋ ರಾಜ್ಯವನ್ನು ಮಗನಿಗೊಪ್ಪಿಸಿ ಗಂಗೆಯ ದಡದಲ್ಲಿ ಕುಳಿತು ಶುಕಮುನಿಯನ್ನು ಪ್ರಶ್ನೆ ಕೇಳಿದ. ಒಬ್ಬನೇ ದೊರೆ, ಒಂದೇ ಗಡುವು, ಎರಡು ಮನಸ್ಸು. ಮೊದಲನೆಯವನನ್ನು ಹೇಡಿಯೆಂದು ಹಳಿಯುವ ಕೀರ್ತನಕಾರರುಂಟು. ಅದು ಅನ್ಯಾಯ, ಔಷಧಿಗೆ ಓಡಾಡದ ಮನುಷ್ಯರಾರು? ಆದರೆ ದೊರೆಗೆ ತಿಳಿಸಬಾರದಿತ್ತೆಂದು ಎರಡು ಗ್ರಂಥಗಳಲ್ಲಿ ಒಂದೂ ಹೇಳುವುದಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಏಳನೆಯ ಶತಮಾನದ ಶಾಸನಗಳಂತೂ ಸಾವನ್ನು ತಿಳಿದೇ ಎದುರುಗೊಂಡವರ ನೆನಪಿಗೆ ಕೆತ್ತಿದವು.

ತೊಡಕಿರುವುದು ಸಂಸ್ಕೃತಿಗಿಂತ ಹೆಚ್ಚಾಗಿ ಮಾತಿನಲ್ಲಿ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾದಂದಿನಿಂದ ನಮ್ಮ ಊರುಗಳ ರೋಗಿಗಳು ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದಾರೆ. ಫೈಲು ಇಂಗ್ಲಿಷಿನದು. ವೈದ್ಯರ ಕನ್ನಡದಲ್ಲೋ 'ಗುಣ' ಎಂಬ ಒಂದು ಶಬ್ದ ಎರಡು ಅರ್ಥಗಳ ಭಾರ ಹೊತ್ತಿದೆ. ಚನ್ನಪಟ್ಟಣದ ನಮ್ಮ ಬೀದಿಯ ಮುದುಕಿಯೊಬ್ಬರ ವಿಷಯದಲ್ಲಿ ಬೇರೊಂದು ಆಸ್ಪತ್ರೆಯ ವೈದ್ಯರು "ಗುಣ ಕಾಣುತ್ತೆ" ಎಂದಿದ್ದರು. ನೋವು ತಗ್ಗೀತೆಂಬುದಷ್ಟೇ ತಾತ್ಪರ್ಯ. ಮಗ ಹೊರಗೆ ಬಂದು "ಗುಣ ಆಯ್ತದಂತೆ ಕಣವ್ವ" ಎಂದ. ಕ್ರಿಯಾಪದವೊಂದು ಬದಲಾಯಿತು, ಅಷ್ಟೆ. ತಿಂಗಳೊಳಗೆ ಆಕೆ ತಾವಾಗಿ ಕಿವಿಯ ಓಲೆ ಬಿಚ್ಚಿ ಮೊಮ್ಮಗಳಿಗೆ ಕೊಟ್ಟರು. "ಕೇಳುದ್ರೆ ಅವ್ನು ಅತ್‌ಬುಡ್ತಾನೆ ಅಂತ ನಾನೂ ಕೇಳ್ಲಿಲ್ಲ ಮೇಷ್ಟ್ರೇ" ಎಂದರು ನನ್ನೊಡನೆ.

ಹೇಳಿದ ಮಾತ್ರಕ್ಕೆ ತಿಳಿಯುತ್ತದೆಂದೂ ಅಲ್ಲ. ಅಮೆರಿಕದಲ್ಲೇ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ರೋಗ ದೇಹದಲ್ಲಿ ಹರಡಿದ್ದ 1,193 ಮಂದಿಯನ್ನು ವಿಚಾರಿಸಿತು. ಕಿಮೋಥೆರಪಿ ತಮ್ಮನ್ನು ವಾಸಿಮಾಡಲಾರದೆಂಬುದನ್ನು ಶ್ವಾಸಕೋಶದ ಕ್ಯಾನ್ಸರಿನವರಲ್ಲಿ ನೂರಕ್ಕೆ 69, ದೊಡ್ಡ ಕರುಳಿನವರಲ್ಲಿ 81 ಮಂದಿ ಗ್ರಹಿಸಿರಲಿಲ್ಲ. ವೈದ್ಯರು ಚೆನ್ನಾಗಿ ಮಾತಾಡುತ್ತಾರೆಂದು ಮೆಚ್ಚಿದವರಲ್ಲೇ ಈ ತಪ್ಪು ತಿಳಿವಳಿಕೆ ಹೆಚ್ಚಾಗಿತ್ತು!

ಟಾಲ್‌ಸ್ಟಾಯ್ 1886ರ 'ಇವಾನ್ ಇಲಿಚ್‌ನ ಸಾವು' ಕಥೆಯಲ್ಲಿ ರೋಗದ ಹೆಸರನ್ನೇ ಹೇಳುವುದಿಲ್ಲ. ಅವನ ನಾಯಕನನ್ನು ನೋವಿನಷ್ಟೇ ಹಿಂಸಿಸುವುದು ಮನೆಯವರ ಸುಳ್ಳು. ಸುಳ್ಳಾಡದವನು ಆಳು ಗೆರಾಸಿಮ್ ಒಬ್ಬನೇ. ಅವನು ಉಪದೇಶ ಮಾಡುವುದಿಲ್ಲ, ಯಜಮಾನನ ಕಾಲುಗಳನ್ನು ತನ್ನ ಹೆಗಲ ಮೇಲೆ ಹೊತ್ತು ಕೂರುತ್ತಾನೆ. ನಮ್ಮ ಓಲೆಯ ಮುದುಕಿಗೆ ಇಲ್ಲದೆಹೋದದ್ದು ಅಂಥ ಒಬ್ಬ.

ಕನ್ನಡದಲ್ಲಿ ಭಾರತಿ ಬಿ.ವಿ. ಅವರ 'ಸಾಸಿವೆ ತಂದವಳು' ರೋಗವನ್ನು ಅದರ ಹೆಸರಿನಿಂದಲೇ ಕರೆದ ಅನುಭವಕಥನ. ಅದನ್ನು ನಾನು ಬಲುವಾಗಿ ಮೆಚ್ಚುತ್ತೇನೆ. ಆದರೆ ಅದು ಓದುಬರಹ ಬಲ್ಲ, ಮರಳಿ ಬಂದ ಹೆಣ್ಣಿನ ಪುಸ್ತಕ. ಓದಲಾರದ ಫೈಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಿದ್ವಾಯಿಯಿಂದ ಹೊರಟು ಮಾಗಡಿ ಬಸ್ಸು ಹತ್ತುವವಳನ್ನು ನಮ್ಮ ಕಥೆಗಾರರು ಬರೆಯಬೇಕಾಗಿದೆ. ಪಕ್ಕದ ಸೀಟಿನಲ್ಲಿ ಮಗನೂ ಕುಳಿತಿರಬೇಕು.