ತತ್ಸಮ, ತದ್ಭವ, ಮೂಲಪಾಠ: ಲಿನಕ್ಸಿನ ವೀಡಿಯೊ ಆಟಗಳನ್ನು ಕುರಿತು

೧

ಗಣಕಯಂತ್ರದ ಮೇಲೆ ಆಡುವ ವೀಡಿಯೊ ಆಟಗಳನ್ನು ವಿಮರ್ಶೆಯ ವಿಷಯವೆಂದು ಅಂಗೀಕರಿಸುವುದಕ್ಕೆ ಸಾಹಿತ್ಯದ ಅಭ್ಯಾಸಿಗಳಲ್ಲಿ ಕೆಲವರಿಗೆ ಸಂಕೋಚವಿರಬಹುದು. ಆ ಸಂಕೋಚವನ್ನು ಹೋಗಲಾಡಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಆಟವೂ ಒಂದು ಕೃತಿ. ಅದಕ್ಕೆ ಕರ್ತೃಗಳಿದ್ದಾರೆ, ರೂಪವಿದೆ, ಪಾಠವಿದೆ, ಸವಿಯುವ ಸಹೃದಯರಿದ್ದಾರೆ ಎಂಬಷ್ಟನ್ನು ಒಪ್ಪಿಕೊಂಡರೆ ಸಾಕು. ಇಲ್ಲಿ ಪರಿಶೀಲಿಸಲು ಹೊರಟಿರುವುದು ಒಂದು ನಿರ್ದಿಷ್ಟವಾದ ವಿವಾದವನ್ನು.

ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಪ್ರಾರಂಭಿಸಿದ ಲಿನಕ್ಸ್ ವ್ಯವಸ್ಥೆಯನ್ನು ಬಳಸುವವರಲ್ಲಿ ಆಟಗಳ ಮಾತು ಬಂದಾಗಲೆಲ್ಲ ಎರಡು ಪಕ್ಷಗಳು ಏರ್ಪಡುತ್ತವೆ. ಲಿನಕ್ಸಿಗಾಗಿಯೇ ಸಿದ್ಧಪಡಿಸಿದ ಆಟಗಳನ್ನು ಮಾತ್ರ ಕೊಳ್ಳಬೇಕು, ಇಲ್ಲದಿದ್ದರೆ ಅಂಥವನ್ನು ರಚಿಸುವವರೇ ಇಲ್ಲದಂತಾಗುತ್ತಾರೆ ಎಂಬುದು ಒಂದು ಪಕ್ಷ. ವಿಂಡೋಸಿಗಾಗಿ ರಚಿತವಾದ ಆಟ ಯಾವ ಉಪಾಯದಿಂದಲಾದರೂ ಚೆನ್ನಾಗಿ ನಡೆದರೆ ಆಡುವವನಿಗೆ ಅಷ್ಟೇ ಸಾಕು ಎಂಬುದು ಇನ್ನೊಂದು ಪಕ್ಷ.

ನಮ್ಮ ವೈಯಾಕರಣರ ಪರಿಭಾಷೆಯನ್ನು ಎರವಲು ಪಡೆದರೆ ಈ ವಿವಾದದ ಸ್ವರೂಪ ಸ್ಪಷ್ಟವಾಗುತ್ತದೆ. ವಿಂಡೋಸ್ ರೂಪದಲ್ಲಿಯೇ, ಒಂದಕ್ಷರವೂ ಬದಲಾಗದೆ ಬಂದು ಲಿನಕ್ಸಿನಲ್ಲಿ ನಡೆಯುವ ಆಟ ತತ್ಸಮ. ಬೇರೆಡೆ ಹುಟ್ಟಿ, ಇಲ್ಲಿಯ ಉಚ್ಚಾರಣೆಗೆ ತಕ್ಕಂತೆ ತಿದ್ದಲ್ಪಟ್ಟು ಬಂದ ಆಟ ತದ್ಭವ. ಬಳಕೆದಾರರು ಇದನ್ನು ‘ನೇಟಿವ್ ಪೋರ್ಟ್’ ಎನ್ನುತ್ತಾರೆ. ಈ ಸಂಪ್ರದಾಯದಲ್ಲಿಯೇ ಹುಟ್ಟಿ ಬೆಳೆದದ್ದು ದೇಶ್ಯ. ಮೊದಲ ಪಕ್ಷದವರು ತದ್ಭವವನ್ನೇ ದೇಶ್ಯವೆಂದು ಭಾವಿಸಿ ಎತ್ತಿಹಿಡಿಯುತ್ತಾರೆ. ಎರಡನೆಯವರು ತತ್ಸಮದಿಂದಲೇ ತೃಪ್ತರು. ಈ ವಿವಾದದಲ್ಲಿ ಮುಖ್ಯವಾದ ಪ್ರಶ್ನೆಯೇ ತಪ್ಪಿಹೋಗಿದೆ ಎಂಬುದು ನಮ್ಮ ಅಭಿಪ್ರಾಯ. ಒಂದು ಆಟದ ಆಯುಷ್ಯವನ್ನು ನಿರ್ಣಯಿಸುವುದು ಅದು ತತ್ಸಮವೋ ತದ್ಭವವೋ ಎಂಬುದಲ್ಲ; ಅದರ ಮೂಲಪಾಠ, ಎಂದರೆ ಸೋರ್ಸ್ ಕೋಡ್, ಓದುಗರ ಕೈಗೆ ಸಿಕ್ಕಿದೆಯೋ ಇಲ್ಲವೋ ಎಂಬುದು.

೨

ಮೊದಲು ತದ್ಭವಗಳನ್ನು ನೋಡೋಣ. ಸ್ಕಾಟ್ ಡ್ರೇಕರ್ ಅವರು ೧೯೯೮ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದ ಲೋಕಿ ಸಾಫ್ಟ್‌ವೇರ್ ಎಂಬ ಸಂಸ್ಥೆ, ಅನ್ಯರ ಪ್ರಸಿದ್ಧವಾದ ಆಟಗಳನ್ನು ಲಿನಕ್ಸಿಗೆ ರೂಪಾಂತರಿಸಿ ಮಾರುವುದನ್ನೇ ವೃತ್ತಿಯಾಗಿ ಕೈಗೊಂಡಿತು. ೧೯೯೯ರಲ್ಲಿ ಹೊರಬಂದ ‘ಸಿವಿಲೈಸೇಷನ್: ಕಾಲ್ ಟು ಪವರ್’ ಅದರ ಮೊದಲ ಪ್ರಕಟಣೆ. ‘ರೈಲ್‌ರೋಡ್ ಟೈಕೂನ್ ೨’, ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ ೩’ ಮೊದಲಾದವು ಅದನ್ನು ಹಿಂಬಾಲಿಸಿದುವು. ರೂಪಾಂತರಗಳು ಶ್ರದ್ಧೆಯಿಂದ ಕೂಡಿದ್ದುವು. ಕೊಳ್ಳುವವರು ಸಾಲದೆ ಹೋದರು. ೨೦೦೧ರ ಆಗಸ್ಟ್‌ನಲ್ಲಿ ಸಂಸ್ಥೆ ದಿವಾಳಿ ಕಾನೂನಿನ ರಕ್ಷಣೆಯನ್ನು ಬೇಡಿತು. ೨೦೦೨ರ ಜನವರಿಯಲ್ಲಿ ಬಾಗಿಲು ಮುಚ್ಚಿತು.

ಸಂಸ್ಥೆಯ ಅವಸಾನಕ್ಕಿಂತ ಅದರ ಕೃತಿಗಳ ಗತಿ ಹೆಚ್ಚು ವಿಚಾರಾರ್ಹವಾದುದು. ಅಂದು ಹಣಕೊಟ್ಟು ಕೊಂಡ ಆ ತದ್ಭವಗಳನ್ನು ಇಂದಿನ ಲಿನಕ್ಸಿನಲ್ಲಿ ನಡೆಸಬೇಕಾದರೆ ಆ ಕಾಲದ ಹಳೆಯ ಲೈಬ್ರರಿ ಕಡತಗಳನ್ನು ಎಲ್ಲಿಂದಲೋ ಹುಡುಕಿ ತಂದು ಜೋಡಿಸಬೇಕು. ಅವೇ ಆಟಗಳ ವಿಂಡೋಸ್ ರೂಪಗಳಾದರೋ ಅನೇಕ ವೇಳೆ ಅದೇ ಲಿನಕ್ಸಿನಲ್ಲಿ ಕಡಮೆ ಶ್ರಮದಿಂದ ನಡೆಯುತ್ತವೆ. ತನ್ನದಾಗಿಸಿಕೊಂಡ ಮಾತು ಮರೆತುಹೋಗಿ ಪರಭಾಷೆಯ ಮಾತು ನಾಲಗೆಯಲ್ಲಿ ಉಳಿದಂತಾಯಿತು. ಲಿನಕ್ಸಿನಲ್ಲಿ ಸ್ಥಿರವಾಗಿರುವುದು ವಿಂಡೋಸಿನ ನಿಯಮಗಳು ಮಾತ್ರ ಎಂಬ ವಿನೋದೋಕ್ತಿ ಬಲ್ಲವರಲ್ಲಿ ಪ್ರಚಾರದಲ್ಲಿದೆ.

ಇದಕ್ಕೆ ಕಾರಣವೇನು? ಲಿನಕ್ಸಿನ ತಿರುಳು, ಎಂದರೆ ಕರ್ನೆಲ್, ಹಳೆಯ ಕ್ರಮವಿಧಿಗಳನ್ನು ಕೆಡಿಸಬಾರದೆಂಬ ನಿಯಮವನ್ನು ಟೊರ್ವಾಲ್ಡ್ಸ್ ಬಹು ನಿಷ್ಠುರವಾಗಿ ಪಾಲಿಸುತ್ತ ಬಂದಿದ್ದಾರೆ. ಆದರೆ ಚಿತ್ರ, ಧ್ವನಿ ಮೊದಲಾದವನ್ನು ಒದಗಿಸುವ ಮೇಲಿನ ಪದರಗಳಲ್ಲಿ ಆ ನಿರ್ಬಂಧ ಅಷ್ಟು ಬಲವಾಗಿಲ್ಲ. ಪದರ ಬದಲಾದರೆ ಮೂಲಪಾಠದಿಂದ ಕ್ರಮವಿಧಿಯನ್ನು ಹೊಸದಾಗಿ ಕಟ್ಟಿಕೊಂಡರಾಯಿತು ಎಂಬುದು ಈ ಸಂಪ್ರದಾಯದ ಮನೋಧರ್ಮ. ಮೂಲಪಾಠ ಯಾವಾಗಲೂ ಜೊತೆಗಿರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಮನೆಗೆ ಲೋಕಿಯ ಆಟಗಳು ಮುಚ್ಚಿದ ಪೆಟ್ಟಿಗೆಗಳಾಗಿ ಬಂದುವು. ಅವು ಮರೆಯಾದದ್ದು ಲಿನಕ್ಸಿಗೆ ಪರಕೀಯವಾಗಿದ್ದುದರಿಂದಲ್ಲ. ಲಿನಕ್ಸಿನ ವೇಷದಲ್ಲಿದ್ದರೂ ಅದರ ಧರ್ಮವನ್ನು ಒಪ್ಪಿಕೊಳ್ಳದಿದ್ದುದರಿಂದ.

ಇದಕ್ಕೆ ಪೋಷಕವಾದ ಇನ್ನೊಂದು ಸಾಕ್ಷ್ಯ ಅದೇ ಮನೆಯಲ್ಲಿದೆ. ಸ್ಯಾಮ್ ಲ್ಯಾಂಟಿಂಗ ಅವರು ೧೯೯೮ರಲ್ಲಿ ಪ್ರಾರಂಭಿಸಿ, ಲೋಕಿಯಲ್ಲಿದ್ದಾಗ ಬೆಳೆಸಿದ ಎಸ್‌ಡಿಎಲ್ ಎಂಬ ಉಪಕರಣಸಂಗ್ರಹದ ಮೂಲಪಾಠ ಬಹಿರಂಗವಾಗಿತ್ತು. ಸಂಸ್ಥೆ ಮುಚ್ಚಿದ ಮೇಲೂ ಅದು ಅನ್ಯರ ಕೈಗಳಲ್ಲಿ ಬೆಳೆಯಿತು. ಇಂದಿಗೂ ಅಸಂಖ್ಯಾತ ಆಟಗಳಿಗೆ ಅದು ಆಧಾರವಾಗಿದೆ.

೩

ಇನ್ನು ತತ್ಸಮಗಳು. ಇವುಗಳಿಗೆ ದಾರಿಮಾಡಿಕೊಟ್ಟದ್ದು ‘ವೈನ್’ ಎಂಬ ಯೋಜನೆ. ೧೯೯೩ರಲ್ಲಿ ಆರಂಭವಾಗಿ, ಮರುವರ್ಷದಿಂದ ಅಲೆಕ್ಸಾಂಡ್ರ್ ಜುಲಿಯಾರ್ ಅವರ ನೇತೃತ್ವದಲ್ಲಿ ನಡೆದು, ಹದಿನೈದು ವರ್ಷಗಳ ತರುವಾಯ ೨೦೦೮ರ ಜೂನ್‌ನಲ್ಲಿ ಅದು ತನ್ನ ೧.೦ ಆವೃತ್ತಿಯನ್ನು ಹೊರತಂದಿತು. ವೈನ್ ಮಾಡುವ ಕೆಲಸವನ್ನು ಭಾಷಾಂತರವೆಂದು ಕರೆಯುವುದುಂಟು. ಅದು ಸ್ಥೂಲವಾದ ಮಾತು. ವಿಂಡೋಸ್ ಮತ್ತು ಲಿನಕ್ಸ್ ಎರಡೂ ಒಂದೇ ಬಗೆಯ ಸಂಸ್ಕಾರಕದ ಮೇಲೆ ನಡೆಯುವುದರಿಂದ ಆಟದ ಬಹುಭಾಗ ನೇರವಾಗಿಯೇ ನಡೆಯುತ್ತದೆ. ಕಡತವೊಂದನ್ನು ತೆರೆ, ಕಿಟಕಿಯೊಂದನ್ನು ಬಿಡಿಸು ಎಂದು ಆಟವು ತನ್ನ ಒಡೆಯನಾದ ವ್ಯವಸ್ಥೆಗೆ ಸಲ್ಲಿಸುವ ಬಿನ್ನಹಗಳಿಗೆ ಮಾತ್ರ ವೈನ್ ವಿಂಡೋಸಿನ ಸ್ಥಾನದಲ್ಲಿ ನಿಂತು ಉತ್ತರ ಕೊಡುತ್ತದೆ. ಅದು ಕೃತಿಯ ಅನುವಾದಕನಲ್ಲ. ಪರಸ್ಥಳದಲ್ಲಿ ಅತಿಥಿಯ ಜೊತೆಗಿರುವ ದುಭಾಷಿ.

ನಿಜವಾದ ಭಾಷಾಂತರ ನಡೆಯುವುದು ಚಿತ್ರಲೇಖನದ ಭಾಗದಲ್ಲಿ. ಮೈಕ್ರೋಸಾಫ್ಟಿನ ಡೈರೆಕ್ಟ್‌೩ಡಿ ಎಂಬ ನುಡಿಯಲ್ಲಿ ಆಟವು ಕೊಡುವ ಆಜ್ಞೆಗಳನ್ನು, ೨೦೧೬ರಲ್ಲಿ ಪ್ರಕಟವಾದ ವಲ್ಕನ್ ಎಂಬ ಮುಕ್ತನುಡಿಗೆ ಕ್ಷಣಕ್ಷಣವೂ ಪರಿವರ್ತಿಸಬೇಕು. ಫಿಲಿಪ್ ರೆಬೋಲೆ ಅವರ ‘ಡಿಎಕ್ಸ್‌ವಿಕೆ’ ಈ ಕಾರ್ಯವನ್ನು ಮಾಡಿತು. ವಾಲ್ವ್ ಸಂಸ್ಥೆ ವೈನ್ ಮತ್ತು ಡಿಎಕ್ಸ್‌ವಿಕೆ ಮೊದಲಾದವನ್ನು ಒಂದುಗೂಡಿಸಿ ೨೦೧೮ರ ಆಗಸ್ಟ್‌ನಲ್ಲಿ ‘ಪ್ರೋಟಾನ್’ ಎಂಬ ಹೆಸರಿನಿಂದ ಹೊರತಂದಿತು. ಅಂದು ಸಂಸ್ಥೆ ಪರೀಕ್ಷಿಸಿ ಒಪ್ಪಿದ ಆಟಗಳು ಕೇವಲ ೨೭. ೨೦೨೨ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರ ಇದೇ ಅಡಿಗಲ್ಲಿನ ಮೇಲೆ ನಿಂತಿತು. ವಾಲ್ವ್ ನಡೆಸುವ ಮಾಸಿಕ ಸಮೀಕ್ಷೆಯಲ್ಲಿ ಲಿನಕ್ಸ್ ಬಳಸುವವರ ಪ್ರಮಾಣ ೨೦೨೫ರ ಅಕ್ಟೋಬರಿನಲ್ಲಿ ಶೇಕಡ ೩ನ್ನು ದಾಟಿತು. ಲೋಕಿಗೆ ಸಾಧ್ಯವಾಗದಿದ್ದುದು ಪ್ರೋಟಾನಿಗೆ ಸಾಧ್ಯವಾಯಿತು ಎಂಬುದರಲ್ಲಿ ಸಂದೇಹವಿಲ್ಲ. ಆ ದುಭಾಷಿಯ ಮೂಲಪಾಠವೇ ಬಹಿರಂಗವಾಗಿದೆ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಹಾಗಾದರೆ ಎರಡನೆಯ ಪಕ್ಷವೇ ಗೆದ್ದಂತಾಯಿತೆ? ಎರಡು ಘಟನೆಗಳನ್ನು ಜೊತೆಯಾಗಿಟ್ಟು ನೋಡಿದರೆ ಹಾಗೆ ಹೇಳುವಂತಿಲ್ಲ. ‘ರಾಕೆಟ್ ಲೀಗ್’ ಎಂಬ ಆಟಕ್ಕೆ ೨೦೧೬ರಿಂದ ಲಿನಕ್ಸಿನ ಸ್ವಂತ ರೂಪವಿತ್ತು. ೨೦೨೦ರ ಮಾರ್ಚಿಯಲ್ಲಿ ಕರ್ತೃಗಳು ಅದರ ಪೋಷಣೆಯನ್ನು ನಿಲ್ಲಿಸಿದರು. ಅಂತರಜಾಲದ ಮೂಲಕ ಪರಸ್ಪರ ಆಡುವ ಸೌಕರ್ಯ ಆ ರೂಪಕ್ಕೆ ಇಲ್ಲದಂತಾಯಿತು. ತದ್ಭವ ಹೋಯಿತು, ಆಡುವವರು ಪ್ರೋಟಾನಿನ ಮೂಲಕ ತತ್ಸಮವನ್ನು ಆಶ್ರಯಿಸಿದರು. ಇನ್ನೊಂದೆಡೆ ‘ಏಪೆಕ್ಸ್ ಲೆಜೆಂಡ್ಸ್’ ಎಂಬ ಆಟ ಪ್ರೋಟಾನಿನಲ್ಲಿ ಸರಿಯಾಗಿ ನಡೆಯುತ್ತಿತ್ತು. ಮೋಸದ ಆಟವನ್ನು ತಡೆಯುವುದು ಕಷ್ಟವಾಗಿದೆ ಎಂಬ ಕಾರಣವನ್ನು ಕೊಟ್ಟು ೨೦೨೪ರ ಅಕ್ಟೋಬರ್ ೩೧ರಂದು ಅದರ ಒಡೆಯರು ಲಿನಕ್ಸಿನಿಂದ ಬರುವವರಿಗೆ ಪ್ರವೇಶವನ್ನು ನಿಷೇಧಿಸಿದರು. ಇಲ್ಲಿ ತತ್ಸಮವೂ ಹೋಯಿತು. ಅವರು ಕೊಟ್ಟ ಕಾರಣ ನ್ಯಾಯವಾದದ್ದೋ ಅಲ್ಲವೋ ಎಂಬುದು ಬೇರೆಯ ಪ್ರಶ್ನೆ. ರೂಪ ಯಾವುದಾದರೂ, ಪಾಠವು ಒಡೆಯನ ಪೆಟ್ಟಿಗೆಯಲ್ಲಿ ಇರುವವರೆಗೆ ಓದುಗನದು ಅನುಗ್ರಹದ ಓದು; ಅನುಗ್ರಹವನ್ನು ಹಿಂತೆಗೆದುಕೊಳ್ಳಬಹುದು.

೪

ಈಗ ಇದಕ್ಕೆ ಪ್ರತಿಯಾದ ನಿದರ್ಶನವೊಂದನ್ನು ತುಸು ವಿಸ್ತಾರವಾಗಿ ಪರಿಶೀಲಿಸಬಹುದು. ಇಡ್ ಸಾಫ್ಟ್‌ವೇರ್ ಸಂಸ್ಥೆಯ ‘ಡೂಮ್’ ೧೯೯೩ರ ಡಿಸೆಂಬರಿನಲ್ಲಿ ಡಾಸ್ ವ್ಯವಸ್ಥೆಗೆ ಬಂದಿತು. ಅದೇ ಸಂಸ್ಥೆಯ ಡೇವ್ ಟೇಲರ್ ಅದನ್ನು ೧೯೯೪ರಲ್ಲಿ ಲಿನಕ್ಸಿಗೆ ಒಗ್ಗಿಸಿದರು. ಇಷ್ಟೇ ಆಗಿದ್ದರೆ ಡೂಮ್ ಕೂಡ ಲೋಕಿಯ ಆಟಗಳ ಹಾದಿಯನ್ನೇ ಹಿಡಿಯುತ್ತಿತ್ತು. ಆದರೆ ೧೯೯೭ರ ಡಿಸೆಂಬರಿನಲ್ಲಿ ಜಾನ್ ಕಾರ್ಮಾಕ್ ಅದರ ಮೂಲಪಾಠವನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಆಗ ಪ್ರಕಟವಾದದ್ದು ಡಾಸ್ ಪಾಠವಲ್ಲ, ಲಿನಕ್ಸ್ ಪಾಠ. ಡಾಸ್ ಪಾಠದಲ್ಲಿ ಅನ್ಯರ ಸ್ವತ್ತಾದ ಧ್ವನಿಭಾಗವೊಂದು ಸೇರಿಕೊಂಡಿದ್ದುದರಿಂದ ಅದನ್ನು ಪ್ರಕಟಿಸುವ ಹಕ್ಕು ಸಂಸ್ಥೆಗೆ ಇರಲಿಲ್ಲ. ೧೯೯೯ರಲ್ಲಿ ಅದೇ ಪಾಠ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಬಂದಿತು.

ಅನಂತರ ನಡೆದದ್ದು ಗ್ರಂಥಸಂಪಾದನೆಯ ಅಭ್ಯಾಸಿಗಳಿಗೆ ಪರಿಚಿತವಾದ ಕಥೆ. ಒಂದು ಮೂಲದಿಂದ ಅನೇಕ ಶಾಖೆಗಳು ಹೊರಟುವು. ‘ಚಾಕೊಲೇಟ್ ಡೂಮ್’ ಮೂಲದ ಆಟ ಹೇಗಿತ್ತೋ ಹಾಗೆಯೇ, ಅದರ ದೋಷಗಳನ್ನೂ ಬಿಡದೆ, ಉಳಿಸಬೇಕೆಂಬ ಸಂಕಲ್ಪದಿಂದ ಹುಟ್ಟಿತು. ‘ಜಿಝಡ್‌ಡೂಮ್’ ಹೊಸ ಚಿತ್ರಲೇಖನವನ್ನೂ ಹೊಸ ಸಾಮರ್ಥ್ಯಗಳನ್ನೂ ಸೇರಿಸಿ ವಿಸ್ತರಿಸಿತು. ಮೊದಲನೆಯದು ಯಥಾಪಾಠ, ಎರಡನೆಯದು ಪರಿಷ್ಕಾರ. ಇವುಗಳಲ್ಲಿ ಯಾವುದು ಮೂಲನಿಷ್ಠ ಎಂಬುದನ್ನು ಪರೀಕ್ಷಿಸುವುದಕ್ಕೆ ಒರೆಗಲ್ಲೂ ಇದೆ. ಡೂಮ್ ಆಟದಲ್ಲಿ ಒಬ್ಬರ ಆಟವನ್ನು ದಾಖಲೆ ಮಾಡಿಟ್ಟರೆ ಆ ದಾಖಲೆಯಲ್ಲಿ ಚಿತ್ರಗಳಿರುವುದಿಲ್ಲ. ಆಟಗಾರನು ಕೊಟ್ಟ ಆಜ್ಞೆಗಳು ಮಾತ್ರ, ಸೆಕೆಂಡಿಗೆ ೩೫ರಂತೆ, ಇರುತ್ತವೆ. ಮತ್ತೆ ನಡೆಸುವಾಗ ಯಂತ್ರವು ಆ ಆಜ್ಞೆಗಳನ್ನು ಅನುಸರಿಸಿ ಎಲ್ಲವನ್ನೂ ಹೊಸದಾಗಿ ಗಣಿಸುತ್ತದೆ. ಒಂದು ಶಾಖೆಯ ಗಣನೆ ಮೂಲದಿಂದ ಕೂದಲೆಳೆಯಷ್ಟು ಭಿನ್ನವಾಗಿದ್ದರೂ, ಹಿಂದೆ ಬಾಗಿಲನ್ನು ದಾಟಿಹೋದ ಆಟಗಾರ ಈಗ ಗೋಡೆಗೆ ಮುಖಮಾಡಿ ನಡೆಯತೊಡಗುತ್ತಾನೆ. ಪಾಠಶುದ್ಧಿಗೆ ಇದಕ್ಕಿಂತ ನಿಷ್ಪಕ್ಷಪಾತವಾದ ಸಾಕ್ಷಿ ನಮ್ಮ ಓಲೆಯ ಪ್ರತಿಗಳಿಗೂ ಇಲ್ಲ.

ಡೂಮ್ ಆಟದ ಸರ್ವಸ್ವವೂ ಮುಕ್ತವಾಯಿತೆಂದು ಭಾವಿಸಬಾರದು. ಚಿತ್ರಗಳು, ಧ್ವನಿಗಳು, ಆಟದ ಹಂತಗಳು ಒಡೆಯರ ಸ್ವತ್ತಾಗಿಯೇ ಉಳಿದುವು, ಮಾರಾಟವೂ ಆದುವು. ಆ ಭಾಗಕ್ಕೆ ಬದಲಾಗಿ ಸ್ವತಂತ್ರವಾದ ಚಿತ್ರ, ಹಂತಗಳನ್ನು ರಚಿಸಿಕೊಳ್ಳುವ ‘ಫ್ರೀಡೂಮ್’ ಎಂಬ ಯತ್ನವೂ ಹುಟ್ಟಿಕೊಂಡಿತು.

೫

ಈ ಸಿದ್ಧಾಂತಕ್ಕೆ ಎರಡು ಆಕ್ಷೇಪಗಳು ಸಹಜವಾಗಿ ಬರುತ್ತವೆ. ಆಡುವವರಲ್ಲಿ ಬಹುಮಂದಿ ಮೂಲಪಾಠವನ್ನು ಎಂದೂ ತೆರೆದು ನೋಡರು, ಅದರಿಂದ ಅವರಿಗೇನು ಪ್ರಯೋಜನ ಎಂಬುದು ಮೊದಲನೆಯದು. ಮುದ್ರಿತ ಕಾವ್ಯವನ್ನು ಓದುವವರೂ ಓಲೆಯ ಪ್ರತಿಗಳನ್ನು ಹೋಲಿಸಿ ನೋಡುವುದಿಲ್ಲ. ನೋಡಬಲ್ಲ ಹತ್ತು ಮಂದಿ ಇದ್ದಾರೆ, ಅವರಿಗೆ ಪ್ರತಿಗಳು ದೊರೆಯುತ್ತವೆ ಎಂಬುದೇ ಉಳಿದ ಹತ್ತುಸಾವಿರ ಮಂದಿಯ ಓದಿಗೆ ಆಧಾರ. ಎರಡನೆಯ ಆಕ್ಷೇಪ ಹೆಚ್ಚು ಬಲವಾದುದು. ಮೂಲಪಾಠವನ್ನು ಬಿಟ್ಟುಕೊಟ್ಟ ಕರ್ತೃ ಜೀವನವನ್ನು ಹೇಗೆ ಸಾಗಿಸಬೇಕು? ಲೋಕಿಯ ದುರ್ಗತಿಯನ್ನು ಕಂಡಮೇಲೆ ಈ ಮಾತನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೆ ಡೂಮ್ ನಿದರ್ಶನ ಇಲ್ಲಿಯೂ ದಾರಿ ತೋರಿಸುತ್ತದೆ: ಮೊದಲ ನಾಲ್ಕು ವರ್ಷಗಳ ಮಾರಾಟ ಮುಗಿದಮೇಲೆ ಪಾಠವನ್ನು ಕೊಡುವುದು, ಚಿತ್ರಾದಿಗಳನ್ನು ಇಟ್ಟುಕೊಳ್ಳುವುದು. ಎಲ್ಲರೂ ಇದನ್ನು ಅನುಸರಿಸುವರೆಂದು ನಿರೀಕ್ಷಿಸಲಾಗದು; ಅಸಾಧ್ಯವೆಂದೂ ಹೇಳಲಾಗದು.

ಲಿನಕ್ಸಿನ ಆಟಗಳನ್ನು ಕುರಿತು ನಡೆಯುವ ಚರ್ಚೆಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. ‘ಪ್ರೋಟಾನ್‌ಡಿಬಿ’ ಎಂಬಲ್ಲಿ ಆಡುವವರು ತಮ್ಮ ಅನುಭವಗಳನ್ನು ದಾಖಲಿಸಿ ಆಟಗಳನ್ನು ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು ಎಂದು ವಿಂಗಡಿಸುತ್ತಾರೆ. ಇದು ಆಟದ ಗುಣದ ಬೆಲೆಯಲ್ಲ, ನಡೆಯುವ ಸೌಲಭ್ಯದ ಬೆಲೆ. ಮಹತ್ತಾದ ಕೃತಿ ಕಂಚಾಗಬಹುದು, ಕ್ಷುದ್ರವಾದುದು ಪ್ಲಾಟಿನಂ ಆಗಬಹುದು. ಇದನ್ನೇ ವಿಮರ್ಶೆಯೆಂದು ಭ್ರಮಿಸಿದರೆ ಗ್ರಂಥದ ಕಾಗದ, ರಟ್ಟುಗಳ ವರ್ಣನೆಯಲ್ಲಿಯೇ ನಿಂತಂತಾಗುತ್ತದೆ. ಹಾಗೆಂದು ಇದನ್ನು ಹೀಯಾಳಿಸುವುದೂ ಸಲ್ಲದು. ಪಾಠನಿರ್ಣಯವಾಗದೆ ರಸವಿಚಾರ ಹೊರಡದು. ಈ ದಾಖಲೆಗಳು ಪಾಠನಿರ್ಣಯದ ಪೂರ್ವಭಾವಿಯಾದ ಕೆಲಸವನ್ನು ಮಾಡುತ್ತಿವೆ. ಕೊರತೆಯಿರುವುದು ಮುಂದಿನ ಹೆಜ್ಜೆಯಲ್ಲಿ. ಆಟ ನಡೆಯಿತು ಎಂದಮೇಲೆ ಅದು ಏನನ್ನು ಹೇಳಿತು, ಹೇಗೆ ಹೇಳಿತು ಎಂಬ ಮಾತು ಈ ಚರ್ಚೆಗಳಲ್ಲಿ ಅಪರೂಪ.

ಆ ಮಾತನ್ನು ಪೂರ್ಣವಾಗಿ ಆಡಲು ಅವಕಾಶ ಕೊಡುವವು ದೇಶ್ಯ ಕೃತಿಗಳು. ೨೦೦೩ರಲ್ಲಿ ಡೇವಿಡ್ ವೈಟ್ ಪ್ರಾರಂಭಿಸಿದ ‘ಬ್ಯಾಟಲ್ ಫಾರ್ ವೆಸ್ನಾತ್’, ೨೦೦೯ರಲ್ಲಿ ಮೂಲಪಾಠವನ್ನು ಬಹಿರಂಗಪಡಿಸಿದ ‘ಜೀರೋ ಎ.ಡಿ.’ ಇವು ಈ ವರ್ಗದವು. ಎರಡನೆಯದು ಪ್ರಾಚೀನ ಸಾಮ್ರಾಜ್ಯಗಳ ಯುದ್ಧವನ್ನು ಕುರಿತದ್ದು. ಅದರಲ್ಲಿ ರೋಮನರು, ಪಾರಸಿಕರೊಡನೆ ಮೌರ್ಯರೂ ಇದ್ದಾರೆ. ಮಸ್ಕಿಯ ಅಶೋಕಶಾಸನವನ್ನು ಪಾಠವಾಗಿ ಓದಿದ ವಿದ್ಯಾರ್ಥಿಗೆ ಅಲ್ಲಿಯ ಮೌರ್ಯರ ಚಿತ್ರಣದಲ್ಲಿ ಲೋಪ ಕಂಡರೆ, ಅವನು ಬರಿಯ ಆಕ್ಷೇಪಣೆಯಲ್ಲಿ ನಿಲ್ಲಬೇಕಾಗಿಲ್ಲ. ಮೂಲವನ್ನು ತೆರೆದು, ಆಧಾರ ತೋರಿಸಿ, ತಿದ್ದುಪಡಿಯನ್ನು ಸೂಚಿಸಬಹುದು. ಒಪ್ಪುವುದೂ ಬಿಡುವುದೂ ಸಂಪಾದಕರಿಗೆ ಸೇರಿದ್ದು. ಒಪ್ಪದಿದ್ದರೆ ತನ್ನದೇ ಶಾಖೆಯನ್ನು ಪ್ರಕಟಿಸುವ ಅಧಿಕಾರವೂ ಅವನಿಗುಂಟು. ಮುಚ್ಚಿದ ಕೃತಿಯ ವಿಮರ್ಶಕನಿಗೆ ಇಂಥ ಅಧಿಕಾರವಿಲ್ಲ.

ಆದ್ದರಿಂದ ಲಿನಕ್ಸಿನ ಆಟಗಳ ವಿಷಯದಲ್ಲಿ ಕೇಳತಕ್ಕ ಮೊದಲ ಪ್ರಶ್ನೆ, ಇದು ಸ್ವಂತದ್ದೋ ಎರವಲೋ ಎಂಬುದಲ್ಲ. ನಮ್ಮ ಭಾಷೆ ತತ್ಸಮ, ತದ್ಭವ ಎರಡನ್ನೂ ಆಶ್ರಯಿಸಿಯೇ ಬೆಳೆದಿದೆ; ಲಿನಕ್ಸೂ ಹಾಗೆಯೇ ಬೆಳೆದರೆ ಅವಮಾನವೇನೂ ಇಲ್ಲ. ಪ್ರೋಟಾನಿನಂಥ ದುಭಾಷಿಗೆ ಕೃತಜ್ಞರಾಗಿದ್ದುಕೊಂಡೇ, ಅತಿಥಿಯು ಎದ್ದುಹೋದ ದಿನ ಮನೆಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ವಿಚಾರಮಾಡಬೇಕು. ಈ ಕಲೆಯ ಮೊದಲ ಶತಮಾನವೇ ಇನ್ನೂ ಮುಗಿದಿಲ್ಲ. ಅಷ್ಟರಲ್ಲಿಯೇ ಹೆಸರು ಮಾತ್ರ ಉಳಿದು ಆಡಲು ಸಿಕ್ಕದ ಕೃತಿಗಳು ಅನೇಕವಾಗಿವೆ. ಅವುಗಳ ಪಟ್ಟಿ ಬೆಳೆಯದಂತೆ ನೋಡಿಕೊಳ್ಳುವುದು ಆಡುವವರ ಕರ್ತವ್ಯ ಮಾತ್ರವಲ್ಲ. ಪಾಠಗಳನ್ನು ಕಾಪಾಡುವುದನ್ನೇ ವೃತ್ತಿಯಾಗಿ ಉಳ್ಳ ನಮ್ಮಂಥ ವಿಭಾಗಗಳ ಕರ್ತವ್ಯವೂ ಹೌದು.