ಪೋಲಿ ತ್ಸೈ ಜಲಸಂಧಿ ದಾಟಿದ್ದು



ಕಳೆದ ಭೇಟಿಯಲ್ಲಿ ನಾವು ಮೂವರು ಚೀನೀ ಕಾದಂಬರಿಯೊಂದರ ಬಗ್ಗೆ ಬರೆಯುತ್ತೇವೆ ಎಂದಾಗ ಕೆಲವರು ನಕ್ಕಿರಿ. 'ಚೀನೀ ಯಾವಾಗ ಕಲಿತಿರಿ ಸ್ವಾಮಿ?' ಎಂದೂ ಕೇಳಿದಿರಿ. ಕಲಿತಿಲ್ಲ. ಆಫೀಸಿನ ತೈವಾನ್ ಸಹೋದ್ಯೋಗಿಯೊಬ್ಬರು ಲಂಚ್ ಹೊತ್ತಿನಲ್ಲಿ ಓದಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು, ನಾವು ಮೊಸರನ್ನದ ಡಬ್ಬಿ ಮುಂದಿಟ್ಟುಕೊಂಡು ಕೇಳಿದೆವು. ಆರು ವಾರ ಹಿಡಿಯಿತು. ಹಾಗಾಗಿ ಭಾಷೆಯ ಸೊಗಸಿನ ಬಗ್ಗೆ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಕಥೆಯ ಬಗ್ಗೆ ಮಾತ್ರ ಜಗಳ ಆಡಬಹುದು.

ಕೃತಿಯ ಹೆಸರನ್ನು ಕನ್ನಡದಲ್ಲಿ 'ಮೊದಲ ಆಪ್ತ ಸಂಪರ್ಕ' ಎನ್ನಬಹುದು. ಬರೆದವರು ತ್ಸೈ ಚಿಹೆಂಗ್. 1998ರಲ್ಲಿ ಅವರು ತೈವಾನಿನ ತೈನಾನ್ ನಗರದ ಚೆಂಗ್ ಕುಂಗ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಜಲ ಎಂಜಿನಿಯರಿಂಗಿನ ಪಿಎಚ್.ಡಿ. ವಿದ್ಯಾರ್ಥಿ. ಆ ವರ್ಷ ಮಾರ್ಚ್‌ನಿಂದ ಮೇ ತನಕ 34 ಕಂತುಗಳಲ್ಲಿ ಈ ಕಥೆಯನ್ನು ಅಂತರ್ಜಾಲಕ್ಕೇ ಬರೆದು ಹಾಕಿದರು. ಅದೇ ವರ್ಷ ತೈವಾನಿನಲ್ಲಿ, 1999ರಲ್ಲಿ ಚೀನಾದ ಮುಖ್ಯಭೂಮಿಯಲ್ಲಿ ಪುಸ್ತಕವಾಯಿತು. 2000ದಲ್ಲಿ ಸಿನಿಮಾ.

ಕಥೆ ಇಷ್ಟೇ. 'ಪೋಲಿ ತ್ಸೈ' ಎಂದು ಕರೆಸಿಕೊಳ್ಳುವ ಸಂಶೋಧನಾ ವಿದ್ಯಾರ್ಥಿಗೆ ಪರದೆಯ ಮೇಲೆ ಒಬ್ಬ ಹುಡುಗಿಯ ಪರಿಚಯ. ಅವಳ ಅಡ್ಡಹೆಸರಿಗೆ 'ಹಾರಾಡುವ ಹಗುರ ನೃತ್ಯ' ಎಂದು ಅರ್ಥವಂತೆ. ರಾತ್ರಿಯಿಡೀ ಹರಟೆ, ಒಂದು ದಿನ ಮೆಕ್‌ಡೊನಾಲ್ಡ್ಸ್‌ನಲ್ಲಿ ಭೇಟಿ, ಆಮೇಲೆ ಟೈಟಾನಿಕ್ ಸಿನಿಮಾ. ಅಷ್ಟರಲ್ಲಿ ಹುಡುಗಿ ಕಾಣೆಯಾಗುತ್ತಾಳೆ. ಅವಳಿಗೆ ಲೂಪಸ್ ಕಾಯಿಲೆ. ಸಾಯುತ್ತಾಳೆ.

ವಾರಪತ್ರಿಕೆಯ ಧಾರಾವಾಹಿಗಳ ಮೇಲೆ ಬೆಳೆದ ನಮಗೆ ಇದು ಹೊಸದಲ್ಲ. ನಾಯಕಿಗೆ ಕೆಮ್ಮು ಬಂದರೆ ಸಾಕು, ಮುಂದಿನದನ್ನು ನಮ್ಮ ಅಮ್ಮಂದಿರು ಹೇಳಿಬಿಡುತ್ತಿದ್ದರು. ಇಲ್ಲೂ ಕೊನೆಯ ಭಾಗದಲ್ಲಿ ಲೇಖಕರು ಕಣ್ಣೀರಿಗೆ ಕೈ ಹಾಕಿದ್ದಾರೆ, ನಾಚಿಕೆಯಿಲ್ಲದೆ ಹಾಕಿದ್ದಾರೆ. ಮೊದಲ ಭೇಟಿಯಲ್ಲಿ ಹುಡುಗಿಯ ಕಂದು ಬಟ್ಟೆಗಳನ್ನು ಹುರಿದ ಹದ ನೋಡಿ ಕಾಫಿ ವಿಂಗಡಿಸಿದಂತೆ ಮೋಕಾ, ಬ್ಲೂ ಮೌಂಟನ್ ಎಂದು ನಾಯಕ ವರ್ಣಿಸುವ ಭಾಗ ತೈವಾನಿನಲ್ಲಿ ಬಲು ಪ್ರಸಿದ್ಧವಂತೆ. ನಮ್ಮಲ್ಲಿ ಚಿಕ್ಕಮಗಳೂರಿನವರೊಬ್ಬರಿದ್ದಾರೆ. 'ಚಿಕೋರಿ ಜಾಸ್ತಿಯಾಯ್ತು' ಎಂದುಬಿಟ್ಟರು.

ಆದರೂ ಕಥೆಯ ಒಂದು ಅಂಶವನ್ನು ನಾವು ಮೂವರೂ ಮನೆಗೆ ಹೊತ್ತೊಯ್ದೆವು. ಆರಂಭದಲ್ಲಿ ನಾಯಕ ತನ್ನ ಪರಿಚಯವನ್ನು ತರ್ಕದ ಧಾಟಿಯಲ್ಲಿ ಕೊಡುತ್ತಾನೆ. ಇಂಥದ್ದು ಇದ್ದರೆ ಹೀಗೆ ಮಾಡಬಹುದಿತ್ತು, ಅದು ನನ್ನಲ್ಲಿಲ್ಲ, ಆದ್ದರಿಂದ ಆ ಭಾಗ್ಯವೂ ಇಲ್ಲ. ಪ್ರೋಗ್ರಾಮ್ ಬರೆಯುವವರಿಗೆ ಥಟ್ಟನೆ ಗೊತ್ತಾಗುತ್ತದೆ, ಈ ತರ್ಕ ತಪ್ಪು. ಮಳೆ ಬಂದರೆ ನೆಲ ಒದ್ದೆ. ಮಳೆ ಬರಲಿಲ್ಲ ಎಂದ ಮಾತ್ರಕ್ಕೆ ನೆಲ ಒಣಗಿರಬೇಕೆಂದೇನಿಲ್ಲ, ಯಾರೋ ಕೊಡ ಉರುಳಿಸಿರಬಹುದು. ಎಂಜಿನಿಯರ್ ಓದಿದ ನಾಯಕನಿಗೂ ಇದು ಗೊತ್ತಿರಲೇಬೇಕು, ತಮಾಷೆ ಇರುವುದೇ ಅಲ್ಲಿ. ಕೊನೆಗೆ ಹುಡುಗಿಯ ಪತ್ರ ಬರುತ್ತದೆ. ಅದೇ ಧಾಟಿ, ಅದೇ ತಪ್ಪು ತರ್ಕ. ಆದರೆ ಈಗ 'ಇದ್ದರೆ' ಎನ್ನುವ ಜಾಗದಲ್ಲಿರುವುದು ಅವಳಿಗೆ ಉಳಿದ ದಿನಗಳು. ನಮ್ಮ ಸಹೋದ್ಯೋಗಿ ಅಲ್ಲಿ ಓದು ನಿಲ್ಲಿಸಿ ನೀರು ಕುಡಿಯಲು ಎದ್ದು ಹೋದರು. ಕಾಯಿಲೆ ನಮ್ಮನ್ನು ಅಳಿಸಲಿಲ್ಲ, ಈ ಮರುಬಳಕೆ ಅಲುಗಾಡಿಸಿತು. ಇಂಗ್ಲಿಷ್ ದಾಟಿ ಬಂದರೂ ಅದು ಕೆಡಲಿಲ್ಲ.

ಮುಖ್ಯಭೂಮಿಯ ಓದುಗರಿಗೂ ಅದು ಕೆಡದೆ ತಲುಪಿರಬೇಕು. 1998ರಲ್ಲಿ ತೈವಾನಿನಿಂದ ಅಲ್ಲಿಗೆ ನೇರ ವಿಮಾನ ಇರಲಿಲ್ಲ, ಜನ ಹಾಂಗ್‌ಕಾಂಗ್ ಅಥವಾ ಮಕಾವ್ ಸುತ್ತಿ ಹೋಗಬೇಕಿತ್ತು. ನೇರ ಅಂಚೆ ಶುರುವಾದದ್ದೇ 2008ರಲ್ಲಿ. ಕಥೆ ಮಾತ್ರ ಅದಕ್ಕೆ ಹತ್ತು ವರ್ಷ ಮೊದಲೇ ಹೋಯಿತು. ಹಾಗೆಂದು ದಾರಿ ಸಲೀಸಾಗಿತ್ತೆಂದಲ್ಲ. ಬರಹದ ಭಾಷೆ ಒಂದೇ ಆದರೂ ಲಿಪಿಯ ರೂಪ ಬೇರೆ, ಕಂಪ್ಯೂಟರಿನೊಳಗಿನ ಸಂಕೇತವೂ ಬೇರೆ: ತೈವಾನಿನಲ್ಲಿ ಬಿಗ್-5, ಅಲ್ಲಿ ಜಿಬಿ. ಒಂದರ ಕಡತವನ್ನು ಇನ್ನೊಂದರಲ್ಲಿ ತೆರೆದರೆ ಬರೀ ಕಸ. (ಬರಹ, ನುಡಿ, ಶ್ರೀಲಿಪಿ ಎಂದು ಒದ್ದಾಡಿದ ನಮಗೆ ಇದನ್ನು ವಿವರಿಸಬೇಕಿಲ್ಲ.) ಅದೃಷ್ಟಕ್ಕೆ ಕಥೆ ಹರಿದದ್ದು ಸುಲಭದ ದಿಕ್ಕಿನಲ್ಲಿ. ತೈವಾನಿನಲ್ಲಿ ಕೂದಲಿಗೊಂದು ಅಕ್ಷರ, ಹೊರಡಿಸುವುದಕ್ಕೆ ಇನ್ನೊಂದು. ಅಲ್ಲಿ ಎರಡಕ್ಕೂ ಒಂದೇ. ಎರಡನ್ನು ಒಂದಾಗಿಸಲು ಪಟ್ಟಿ ಸಾಕು, ಒಂದನ್ನು ಎರಡಾಗಿ ಬಿಡಿಸಲು ಅರ್ಥ ತಿಳಿಯಬೇಕು. ಮಾತೂ ಅಲ್ಲಲ್ಲಿ ಬೇರೆ. 'ಸಾಫ್ಟ್‌ವೇರ್' ಎನ್ನುವುದಕ್ಕೇ ಎರಡು ಕಡೆ ಎರಡು ಪದ!

ನಮ್ಮ ಕಥೆ ಇದಕ್ಕೆ ತಿರುಗುಮುರುಗು. ಯೂನಿಕೋಡ್‌ನಲ್ಲಿ ತೆಲುಗಿನ 'ಕ'ಕ್ಕೆ 128 ಕೂಡಿಸಿದರೆ ಕನ್ನಡದ 'ಕ' ಬರುತ್ತದೆ. ಬಹುಪಾಲು ಅಕ್ಷರಗಳೂ ಹಾಗೆಯೇ. ನಾಲ್ಕು ಸಾಲಿನ ಪ್ರೋಗ್ರಾಮ್ ಸಾಕು. ನಾವು ಉತ್ಸಾಹದಿಂದ ನಮ್ಮದೇ ಬಳಗದ ಒಂದು ಕಥೆಯನ್ನು ಹಾಗೆ ತಿರುಗಿಸಿ ಪಕ್ಕದ ಕ್ಯೂಬಿಕಲ್‌ನ ತೆಲುಗು ಗೆಳೆಯರಿಗೆ ಕಳಿಸಿದೆವು. ಅವರು ಗಟ್ಟಿಯಾಗಿ, ತಡವರಿಸದೆ ಓದಿದರು. ಓದಿ ಮುಗಿಸಿ, 'ಚೆನ್ನಾಗಿ ಕೇಳಿಸುತ್ತೆ. ಏನು ಇದರ ಅರ್ಥ?' ಎಂದರು. ಹನ್ನೊಂದು ವರ್ಷ ಪಕ್ಕದಲ್ಲಿ ಕೂತಿದ್ದಾರೆ. ನಾವು ಬರೆಯುತ್ತೇವೆಂಬುದೇ ಅವರಿಗೆ ಗೊತ್ತಿರಲಿಲ್ಲ, ಅವರು ಏನು ಓದುತ್ತಾರೆಂದು ನಾವೂ ಕೇಳಿರಲಿಲ್ಲ.

ಯಂಡಮೂರಿಯವರ 'ತುಳಸಿದಳ'ವನ್ನು ಕನ್ನಡದಲ್ಲಿ ಓದಿ ರಾತ್ರಿ ಬಚ್ಚಲಿಗೆ ಹೋಗಲು ಹೆದರಿದವರು ನಾವು. ಭೈರಪ್ಪನವರು ಮರಾಠಿ ಮನೆಗಳಿಗೆ ಹೋದದ್ದು ಉಮಾ ಕುಲಕರ್ಣಿಯವರ ಕೈಯಿಂದ. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಓದಿ ಹೇಳುವುದು, ಅವರು ಕೇಳಿಸಿಕೊಂಡು ಮರಾಠಿಯಲ್ಲಿ ಬರೆಯುವುದು. ನಮ್ಮ ಲಂಚ್ ಮೇಜಿನಲ್ಲಿ ಆರು ವಾರ ನಡೆದದ್ದೂ ಹೆಚ್ಚುಕಡಿಮೆ ಅದೇ. 128 ಕೂಡಿಸುವ ಪ್ರೋಗ್ರಾಮನ್ನು ಅಳಿಸಿಲ್ಲ, ಆದರೆ ಅದರ ಬಗ್ಗೆ ಈಗ ಜಂಬ ಕೊಚ್ಚಿಕೊಳ್ಳುತ್ತಿಲ್ಲ.

ಮುಂದಿನ ಶುಕ್ರವಾರ ಆ ತೆಲುಗು ಗೆಳೆಯರಿಗೂ ತೈವಾನಿನವರಿಗೂ ಕನ್ನಡ ಕಥೆಯೊಂದನ್ನು ಓದಿ ಹೇಳುವುದೆಂದು ಒಪ್ಪಿಕೊಂಡಿದ್ದೇವೆ. ಯಾವ ಕಥೆ ಎಂಬುದರ ಮೇಲೆ ನಮ್ಮ ಮೂವರಲ್ಲಿ ಮಾತು ಬಿಡುವಷ್ಟು ಜಗಳವಾಗಿದೆ. ನಿಮ್ಮ ಸಲಹೆಗಳನ್ನು ಗುರುವಾರದೊಳಗೆ ಕಳಿಸಿ. ನಾಯಕಿ ಸಾಯುವುದು ಬೇಡ.